ಬಿಳಿ ಸೀರೆ ಬಿಡಿ, ಇದ್ದಿಲು ಹಿಡಿಯಿರಿ

ನಮಸ್ಕಾರ.

ನೀವು ಕಳಿಸಿದ ‘ಅಘನಾಶಿನಿಯ ಮೋಹಿನಿ’ ಕಥೆಯನ್ನು ಎರಡು ಸಲ ಓದಿದೆವು. ಬೆಂಗಳೂರಿನ ಎಂಜಿನಿಯರ್ ಆಷಾಢ ಅಮಾವಾಸ್ಯೆಯ ದಿನ ಕುಮಟಾ ಹತ್ತಿರದ ಅಜ್ಜಿಮನೆಗೆ ಬರುತ್ತಾನೆ. ರಾತ್ರಿ ಹೊಳೆದಂಡೆಯಲ್ಲಿ ಬಿಳಿ ಸೀರೆಯವಳು ಕಾಣುತ್ತಾಳೆ, ಊರಲ್ಲಿ ಭೂತಕೋಲ ನಡೆಯುತ್ತದೆ, ಕೊನೆಗೆ ಮಂತ್ರವಾದಿ ನಿಂಬೆಹಣ್ಣು ಕೊಯ್ದು ಅವಳನ್ನು ಓಡಿಸುತ್ತಾನೆ. ಈಗಿರುವ ರೂಪದಲ್ಲಿ ಪ್ರಕಟಿಸಲಾರೆವು. ಆದರೆ ಏಳನೇ ಪುಟದಲ್ಲಿ ಮೂರು ಸಾಲುಗಳಿವೆ. ಇಷ್ಟುದ್ದ ಬರೆಯುತ್ತಿರುವುದು ಅವುಗಳ ಸಲುವಾಗಿ.

ಮೊದಲು ತಪ್ಪುಗಳು. ಅಮಾವಾಸ್ಯೆಯ ರಾತ್ರಿ ‘ಹಾಲು ಚೆಲ್ಲಿದಂತೆ ಬೆಳದಿಂಗಳು’ ಎಂದಿದ್ದೀರಿ. ಇದಕ್ಕೆ ವಿವರಣೆ ಬೇಕಿಲ್ಲ. ಕಥೆ ನಡೆಯುವುದು 1975ರಲ್ಲಿ, ನಾಯಕ ರೈಲಿಳಿಯುವುದು ಕುಮಟಾ ಸ್ಟೇಷನ್ನಿನಲ್ಲಿ. ಕೊಂಕಣ ರೈಲ್ವೆ ಪೂರ್ತಿಯಾಗಿ ಓಡಾಟಕ್ಕೆ ತೆರೆದದ್ದು 1998ರಲ್ಲಿ. ಅವನನ್ನು ಶಿರಸಿಯಿಂದ ಬಸ್ಸು ಹತ್ತಿಸಿ ದೇವಿಮನೆ ಘಾಟಿ ಇಳಿಸಿ, ಆ ತಿರುವುಗಳು ನಿಮಗೆ ಉಪಯೋಗಕ್ಕೆ ಬರುತ್ತವೆ. ಅಜ್ಜಿಯ ಬಾಯಲ್ಲಿ ‘ಮಗುವೇ, ಭಯಪಡಬೇಡ’ ಎಂಬ ಮಾತು ಬೇಡ. ‘ಹೆದ್ರಬ್ಯಾಡ ತಮಾ’ ಅಂದರೆ ಸಾಕು, ಊರು ಯಾವುದೆಂದು ಬೇರೆ ಹೇಳಬೇಕಾಗಿಲ್ಲ.

ಭೂತಕೋಲದ ವಿಷಯ ಸ್ವಲ್ಪ ಗಂಭೀರ. ಕೋಲ ತುಳುನಾಡಿನದು. ಈಚೆಗೆ ಕಾರವಾರದ ಕಥೆಯಲ್ಲೂ ಕೋಲದ ಅಣಿ (ಬೆನ್ನಿಗೆ ಕಟ್ಟುವ ಪ್ರಭಾವಳಿ), ಗಗ್ಗರ (ಕಾಲಿನ ಗೆಜ್ಜೆ) ಬಂದು ಕೂರುತ್ತವೆ. ಸಿನಿಮಾ ನೋಡಿ ಬರೆದದ್ದೆಂದು ಮೊದಲ ಪುಟದಲ್ಲೇ ತಿಳಿಯುತ್ತದೆ. ನಿಮ್ಮ ಕಥೆಯ ಊರಿನ ಕಡೆ ಇರುವುದು ಚೌಡಿ, ಜಟಗ, ಮಾಸ್ತಿಯಂಥ ಊರ ದೈವಗಳು. ಮರದ ಬುಡದಲ್ಲೊಂದು ಕಲ್ಲು, ವರ್ಷಕ್ಕೊಮ್ಮೆ ಕಾಯಿಯೋ ಕೋಳಿಯೋ, ಅಷ್ಟೇ. ಅಬ್ಬರ ಇಲ್ಲವೆಂದು ಸಪ್ಪೆ ಅಂದುಕೊಳ್ಳಬೇಡಿ. ದಿನಾ ದಾಟಿಹೋಗುವ ಆ ಕಲ್ಲಿಗೆ ಈ ವರ್ಷ ಕಾಯಿ ಒಡೆದಿಲ್ಲ ಎಂಬುದು ಕತ್ತಲಾದ ಮೇಲೆ ನೆನಪಾದರೆ ಹೇಗಿರುತ್ತದೆ, ಅದನ್ನು ಬರೆಯಿರಿ.

ಈಗ ಏಳನೇ ಪುಟ. ಅಜ್ಜಿ ಹುರಿದ ಬಂಗಡೆಯನ್ನು ಡಬ್ಬಿಗೆ ಹಾಕಿ, ಮೇಲೊಂದು ಇದ್ದಿಲ ಚೂರಿಟ್ಟು, ಹೊಳೆಯಾಚೆ ಅತ್ತೆಯ ಮನೆಗೆ ಕೊಟ್ಟುಬರಲು ಮೊಮ್ಮಗನನ್ನು ಕಳಿಸುತ್ತಾಳೆ: ‘ದಾರೀಲಿ ಮುಚ್ಚಳ ತೆಗೀಬ್ಯಾಡ.’ ಕತ್ತಲಲ್ಲಿ ಮೀನು, ಮಾಂಸದ ಅಡುಗೆ ಒಯ್ಯುವಾಗ ಇದ್ದಿಲೋ ಕಬ್ಬಿಣದ ಮೊಳೆಯೋ ಜೊತೆಗಿಡುವ ಪದ್ಧತಿ ಅನೇಕ ಮನೆಗಳಲ್ಲಿತ್ತು. ನೀವು ಅದನ್ನು ಬರೆದು ಮುಂದಿನ ಸಾಲಿಗೇ ಮರೆತಿರಿ. ಡಬ್ಬಿ ಎಲ್ಲಿ ಹೋಯಿತೆಂದೇ ಗೊತ್ತಾಗುವುದಿಲ್ಲ, ಏಕೆಂದರೆ ಅಷ್ಟರಲ್ಲಿ ಗೆಜ್ಜೆ ಸದ್ದು ಶುರುವಾಗುತ್ತದೆ.

ಜನಪದದ ದೆವ್ವಕ್ಕೆ ಮುಖಕ್ಕಿಂತ ಕಟ್ಟಳೆ ಮುಖ್ಯ. ಮೊದಲ ಕರೆಗೆ ಓಗೊಡಬಾರದು, ನಡುಮಧ್ಯಾಹ್ನ ಆ ಮರದಡಿ ನಿಲ್ಲಬಾರದು. 1990ರ ದಶಕದಲ್ಲಿ ಬಾಗಿಲುಗಳ ಮೇಲೆ ‘ನಾಳೆ ಬಾ’ ಎಂದು ಬರೆಸಿದ ದೆವ್ವವೂ ಕಟ್ಟಳೆಯದ್ದೇ. ಓದಿ, ಒಪ್ಪಿ, ಹೋಗಬೇಕು. ಶಿರಸಿ ಹತ್ತಿರದ ಸೋದೆಯ ಭೂತರಾಜರ ಕಥೆ ನೋಡಿ. ಬ್ರಹ್ಮರಾಕ್ಷಸ ದಾರಿಹೋಕರಿಗೆ ‘ಆ ಕಾ ಮಾ ವೈ ಕೋ ನ ಸ್ನಾತಃ’ ಎಂದು ಒಗಟು ಹಾಕುತ್ತಿದ್ದ, ಬಿಡಿಸದವರನ್ನು ತಿನ್ನುತ್ತಿದ್ದ ಎಂದು ಪ್ರತೀತಿ. ಆಷಾಢ, ಕಾರ್ತಿಕ, ಮಾಘ, ವೈಶಾಖದಲ್ಲಿ ಸ್ನಾನ ಮಾಡದವನು ಯಾರು ಎಂದು ಅದರ ಅರ್ಥ. ಸೋದೆ ಮಠದ ಯತಿ ವಾದಿರಾಜರು ಉತ್ತರ ಕೊಟ್ಟರು, ಅವನು ಅವರ ಸೇವಕನಾದ. ಓಡಿಸಲಿಲ್ಲ ಎಂಬುದನ್ನು ಗಮನಿಸಿ. ಮಠದಲ್ಲಿ ಇಂದಿಗೂ ಅವನಿಗೆ ಗುಡಿಯಿದೆ. ಹಾಗಾಗಿ ನಿಮ್ಮ ಮಂತ್ರವಾದಿಯ ಎರಡೂವರೆ ಪುಟ ಪೂರ್ತಿ ತೆಗೆಯಿರಿ.

ಇದ್ದಿಲನ್ನು ಹೀಗೆ ದುಡಿಸಬಹುದು. ಅಜ್ಜಿ ಎಂಟು ಬಂಗಡೆ ಎಣಿಸಿ ಹಾಕಲಿ, ಎಣಿಕೆ ಓದುಗರ ಕಿವಿಗೆ ಬೀಳಲಿ. ದಾರಿಯಲ್ಲಿ ಹುಡುಗ ಒಮ್ಮೆ ಡಬ್ಬಿಯನ್ನು ಕೆಳಗಿಡಲಿ, ಮುಚ್ಚಳ ಮಾತ್ರ ಮುಟ್ಟದಿರಲಿ. ಅತ್ತೆ ತೆಗೆದು ನೋಡಿದಾಗ ಮೀನು ಎಂಟೂ ಇರಬೇಕು, ಇದ್ದಿಲು ಇರಬಾರದು. ಮೀನು ಕಡಿಮೆಯಾದರೆ ಬೆಕ್ಕಿನ ಕಥೆಯಾಗುತ್ತದೆ.

ಇದಕ್ಕೆ ಆಷಾಢ ಹೊಂದುವುದಿಲ್ಲ. ಮಳೆಗಾಲದಲ್ಲಿ ಕಡಲು ಕೆಟ್ಟಿರುತ್ತದೆ, ಎಂಟು ತಾಜಾ ಬಂಗಡೆ ಸುಲಭಕ್ಕೆ ಸಿಗದು. ಪಂಜಾಗಿ ಹಿಡಿದ ಸೂಡಿ ಆ ಮಳೆಗೆ ಹತ್ತು ಹೆಜ್ಜೆಗೆ ಆರುತ್ತದೆ. ಕಥೆಯನ್ನು ಮಾರ್ಗಶಿರಕ್ಕೆ ಒಯ್ಯಿರಿ. ಮೀನಿರುತ್ತದೆ, ಸೂಡಿ ಉರಿಯುತ್ತದೆ, ಗಜನಿಯಲ್ಲಿ, ಅಂದರೆ ಹೊಳೆಯಂಚಿನ ಉಪ್ಪುನೀರಿನ ಗದ್ದೆಯಲ್ಲಿ, ಕಗ್ಗ ಭತ್ತದ ಕೊಯ್ಲು ಮುಗಿದು ಸೀಗಡಿ ಹಿಡಿಯುವ ಕಾಲ. ಅಮಾವಾಸ್ಯೆಗೆ ಭರತ-ಇಳಿತ ಜೋರು. ಇಳಿತದಲ್ಲಿ ಗಜನಿಯ ನೀರು ಹೊರಬೀಳುವ ಬಾಗಿಲಿಗೆ ಬಲೆ ಕಟ್ಟಿ ದೀಪ ಇಟ್ಟುಕೊಂಡು ಕಾಯುತ್ತಾರೆ. ಹೊಳೆಯಂಚಿನ ಬೆಳಕಿಗೆ ಬೇರೆ ನೆಪ ಹುಡುಕಬೇಕಿಲ್ಲ.

ಬೆಳಕೆಂದ ಮೇಲೆ ಕೊಳ್ಳಿದೆವ್ವ. ನಿಮ್ಮ ಒಂಬತ್ತನೇ ಪುಟದಲ್ಲಿ ಅದು ‘ಬೆಂಕಿಯ ಉಂಡೆಯಂತೆ ಹಾರುತ್ತದೆ’. ಅದರ ಬದಲು ಸೂಡಿಯ ಬೆಳಕೇ ಸಾಕು. ಸೂಡಿ ಎಂದರೆ ಒಣಗಿದ ತೆಂಗಿನ ಗರಿಯನ್ನು ಒತ್ತಾಗಿ ಕಟ್ಟಿದ ಕಟ್ಟು. ಸಡಿಲ ಕಟ್ಟಿದರೆ ಭಗ್ಗನೆ ಉರಿದು ಅರ್ಧದಾರಿಗೇ ಮುಗಿಯುತ್ತದೆ. ಬಿಗಿಯಾಗಿದ್ದರೆ ಕೆಂಡ ಹಿಡಿದಿರುತ್ತದೆ. ಕೈ ಬೀಸಿದಾಗ ಉರಿ ಏಳುತ್ತದೆ, ನಿಂತರೆ ಮಂಕಾಗುತ್ತದೆ. ಆಚೆ ದಂಡೆಯಿಂದ ನೋಡುವವನಿಗೆ ಮನುಷ್ಯ ಕಾಣುವುದಿಲ್ಲ. ಬೆಳಕು ಎದ್ದು, ಸತ್ತು, ಮತ್ತೆ ಇಪ್ಪತ್ತು ಹೆಜ್ಜೆ ಮುಂದೆ ಏಳುತ್ತದೆ. ಇದನ್ನು ಓದುಗರಿಗೆ ಪಾಠ ಮಾಡಬೇಡಿ, ಹುಡುಗನಿಗೆ ಗೊತ್ತಿರಲಿ. ಹೀಗೆ:

‘ಆಚೆ ದಂಡೆಯ ಸೂಡಿ ಅವನ ಜೊತೆಗೇ ಬರುತ್ತಿತ್ತು. ಯಾರೋ ಹಳದೀಪುರದ ಕಡೆಯವರಿರಬೇಕು. ಚಪ್ಪಲಿಗೆ ಮುಳ್ಳು ಹತ್ತಿತೆಂದು ಡಬ್ಬಿ ಕೆಳಗಿಟ್ಟ. ಅದೂ ನಿಂತಿತು. ಮುಳ್ಳು ಕಿತ್ತು ತಲೆಯೆತ್ತಿದ. ನಿಂತೇ ಇತ್ತು, ಮಂಕಾಗಿರಲಿಲ್ಲ.’

ಹೆದರಿದ, ಬೆವರಿದ, ಎದೆ ಡವಗುಟ್ಟಿತು ಎಂದು ಇದರ ಮುಂದೆ ಏನನ್ನೂ ಸೇರಿಸಬೇಡಿ. ಮುಂದಿನ ಸಾಲಿಗೆ ಅವನು ಅತ್ತೆಯ ಅಂಗಳದಲ್ಲಿರಲಿ.

ಕೊನೆಯಲ್ಲಿ ಅಜ್ಜಿ ಬೆಳಿಗ್ಗೆ ಎದ್ದು, ಏನೂ ಕೇಳದೆ, ಮರದ ಬುಡದ ಕಲ್ಲಿಗೊಂದು ಕಾಯಿ ಒಯ್ಯಲಿ. ಅದು ಯಾರ ಕಲ್ಲು ಎಂಬುದು ನಿಮಗೆ ಗೊತ್ತಿರಬೇಕು, ಬರೆಯಬೇಕಾಗಿಲ್ಲ. ಬಾಣಂತಿಯಾಗಿ ತೀರಿಕೊಂಡವಳೋ, ಹೊಳೆ ದಾಟುವಾಗ ಹೋದವನೋ, ಒಂದನ್ನು ನಿಶ್ಚಯ ಮಾಡಿಕೊಂಡು ಕೂತರೆ ಅಜ್ಜಿಯ ಮಾತಿನ ಧಾಟಿ ತಾನೇ ಬರುತ್ತದೆ.

ಈಗ ಸುಮಾರು 4,200 ಪದಗಳಿವೆ. ಮೊದಲ ಎರಡು ಪುಟ, ಕೋಲ, ಮಂತ್ರವಾದಿ ಹೋದರೆ 2,500ಕ್ಕೆ ಇಳಿಯುತ್ತದೆ. ತಿದ್ದಿ ಕಳಿಸಿ. ಶೀರ್ಷಿಕೆಯಲ್ಲಿ ಮೋಹಿನಿ ಬೇಡ, ಕಥೆಯಲ್ಲೂ ಬೇಡ.