‘ಏಜಾ’ದ ತೀರ್ಮಾನವಿಲ್ಲದ ತನಿ

ಜಾಝ್-ರಾಕ್‌ನಲ್ಲಿ ಮೆಚ್ಚಿನ ಹಳೆಯ ಆಲ್ಬಂ ಯಾವುದೆಂದು ಕೇಳಿದ್ದೀರಿ. ಜೊತೆಗೆ, ಸ್ಟೀಲಿ ಡ್ಯಾನ್ ತಂಡದ ‘ಏಜಾ’ ಹೋಟೆಲ್ ಲಾಬಿಯ ಸಂಗೀತದಂತಿದೆ, ಜನ ಏಕಿಷ್ಟು ಹೊಗಳುತ್ತಾರೆ ಎಂದೂ ಕೇಳಿದ್ದೀರಿ. ನನ್ನ ಮೆಚ್ಚಿನದು ಅದೇ ಆಗಿರುವುದರಿಂದ ಎರಡಕ್ಕೂ ಒಟ್ಟಿಗೇ ಉತ್ತರಿಸುತ್ತೇನೆ.

ನಿಮ್ಮ ದೂರು ಸುಳ್ಳಲ್ಲ. ಮೊದಲ ಸಲ ನನಗೂ ಹಾಗೆಯೇ ಅನ್ನಿಸಿತ್ತು. (ಅದಕ್ಕೂ ಮೊದಲು, ಕಪ್ಪು ಹೊದಿಕೆಯ ಮೇಲಿನ ಹೆಸರನ್ನು ‘ಅಜ’ ಎಂದು ಓದಿಕೊಂಡು, ಇಲ್ಲಿ ಮೇಕೆಗೇನು ಕೆಲಸ ಎಂದು ತಲೆ ಕೆರೆದುಕೊಂಡಿದ್ದೆ. ಅದು ಕೊರಿಯಾದ ಒಬ್ಬ ಹೆಂಗಸಿನ ಹೆಸರಂತೆ. ಹೊದಿಕೆಯ ಕತ್ತಲಲ್ಲಿ ಇಣುಕುವ ಮುಖ ಮಾತ್ರ ಜಪಾನಿನ ರೂಪದರ್ಶಿ ಸಯೋಕೊ ಯಮಗುಚಿ ಅವರದು.)

1977ರ ಸೆಪ್ಟೆಂಬರ್‌ನಲ್ಲಿ ಬಂದ ಆಲ್ಬಂ ಇದು. ಏಳೇ ಹಾಡು, ಸುಮಾರು 40 ನಿಮಿಷ. ತಂಡ ಎನ್ನುವುದು ಹೆಸರಿಗಷ್ಟೆ. ಇದ್ದವರು ಡೊನಾಲ್ಡ್ ಫೇಗನ್ ಮತ್ತು ವಾಲ್ಟರ್ ಬೆಕರ್, ಇಬ್ಬರೇ. 1974ರಲ್ಲೇ ಊರೂರು ತಿರುಗಿ ನುಡಿಸುವುದನ್ನು ಬಿಟ್ಟು ಸ್ಟುಡಿಯೋ ಸೇರಿದವರು. ಕಚೇರಿಗೆ ತಕ್ಕ ಪಕ್ಕವಾದ್ಯದವರನ್ನು ಗೊತ್ತುಮಾಡುವುದು ನಮಗೆ ಹೊಸದಲ್ಲ. ಇವರು ಒಂದೊಂದು ಹಾಡಿಗೂ ಬೇರೆ ಮೇಳ ಕಟ್ಟಿದರು. ‘ಪೆಗ್’ ಹಾಡಿನ ನಡುವಿನ ಪುಟ್ಟ ಗಿಟಾರ್ ಭಾಗಕ್ಕೆ ಆರೇಳು ಮಂದಿ ಹೆಸರಾಂತ ವಾದಕರು ಬಂದು ನುಡಿಸಿ ಹೋದರು, ಯಾವುದೂ ಒಪ್ಪಿಗೆಯಾಗಲಿಲ್ಲ. ಕೊನೆಗೆ ಜೇ ಗ್ರೇಡನ್ ನುಡಿಸಿದ್ದು ಉಳಿಯಿತು. ಫೇಗನ್ ಮತ್ತು ಬೆಕರ್ ಬೇಡವೆಂದದ್ದರಲ್ಲಿ ಒಂದು ಸಿಕ್ಕಿದ್ದರೂ ಬೇರೆ ತಂಡದವರು ಕಣ್ಣಿಗೊತ್ತಿಕೊಳ್ಳುತ್ತಿದ್ದರೇನೋ.

ಇಷ್ಟು ತೀಡಿದರೆ ನುಣುಪಾಗದೆ ಇನ್ನೇನಾದೀತು? ಧ್ವನಿಮುದ್ರಣದ ಗುಣಮಟ್ಟಕ್ಕೆಂದೇ ಇದಕ್ಕೆ ಗ್ರ್ಯಾಮಿ ಬಂತು. ನಿಮ್ಮ ಕಿವಿಗೆ ಬಿದ್ದದ್ದು ಆ ನುಣುಪು. ನಾನು ಈ ಆಲ್ಬಮ್ಮಿಗೆ ಮತ್ತೆ ಮತ್ತೆ ಮರಳುವುದು ಆ ಇಬ್ಬರ ಹಿಡಿತದಿಂದ ಸಂಗೀತ ತಪ್ಪಿಸಿಕೊಂಡ ಕಡೆಗಳಿಗಾಗಿ.

‘ಪೆಗ್’ನಲ್ಲೇ ಬೇಸ್ ಗಿಟಾರಿಗೆ ಕಿವಿಗೊಡಿ. ನುಡಿಸಿದವರು ಚಕ್ ರೇನಿ. ಹೆಬ್ಬೆರಳಿನಿಂದ ತಂತಿಗೆ ಬಡಿದು ನುಡಿಸುವ ಸ್ಲ್ಯಾಪ್ ಶೈಲಿ ಬೇಡವೇ ಬೇಡ ಎಂದು ಅವರಿಗೆ ತಾಕೀತಾಗಿತ್ತು. ಪಲ್ಲವಿ ಬಂದಾಗ ರೇನಿ ಕೈ ಕಾಣದಂತೆ ತಿರುಗಿಕೊಂಡು ಬಡಿದೇಬಿಟ್ಟರು. ಕೇಳಿದ ಇಬ್ಬರೂ ಒಪ್ಪಿದರು. ಇಂದು ಆ ಪಲ್ಲವಿಗೆ ಕಾಲು ತಾನಾಗಿ ಕುಣಿಯುವುದು ಆ ಕಳ್ಳತನದಿಂದಲೇ.

ಇನ್ನು ಸ್ವರಮೇಳದ ವಿಷಯ. ಮನೆಯಲ್ಲಿ ಹಾರ್ಮೋನಿಯಂ ಇದ್ದರೆ ಸ, ಗ, ಪ ಒಟ್ಟಿಗೆ ಒತ್ತಿ. ಚರ್ಚಿನ ಪ್ರಾರ್ಥನೆಯಂತೆ ನೇರವಾಗಿ ಕೇಳುತ್ತದೆ. ಈಗ ಮೋಹನ ರಾಗದ ರಿಷಭವನ್ನೂ ಸೇರಿಸಿ ಒತ್ತಿ. ರಿ ಮತ್ತು ಗ ಮಗ್ಗುಲಲ್ಲಿ ಕುಳಿತು ಒಂದನ್ನೊಂದು ಮೆಲ್ಲಗೆ ಉಜ್ಜುತ್ತವೆ. ಸಂತೋಷವೋ ಸಂಕಟವೋ ಗೊತ್ತಾಗದ ಆ ನಾದವೇ ಸ್ಟೀಲಿ ಡ್ಯಾನ್‌ನ ಗುರುತು. ‘ಮ್ಯೂ ಮೇಜರ್’ ಎಂಬ ಹೆಸರೂ ಅವರೇ ಇಟ್ಟದ್ದು. ಅದನ್ನು ಒಮ್ಮೆ ಗುರುತು ಹಿಡಿದರೆ ಲಾಬಿಯ ಹೋಲಿಕೆ ಅರ್ಧ ಕರಗುತ್ತದೆ. ಉಳಿದರ್ಧವನ್ನು ‘ಡೀಕನ್ ಬ್ಲೂಸ್’ ಕರಗಿಸಬೇಕು. ಸ್ಯಾಕ್ಸೋಫೋನ್ ವಾದಕನಾಗುವ ಕನಸು ಕಾಣುತ್ತಾ ಸೋಲನ್ನೇ ಬಿರುದಿನಂತೆ ಹೊರುವವನ ಹಾಡು ಅದು. ‘ಐ ಗಾಟ್ ದ ನ್ಯೂಸ್’ ಬಗ್ಗೆ ನನಗೆ ಹೇಳುವಂಥದ್ದೇನೂ ಇಲ್ಲ, ಅಲ್ಲಿ ಎದ್ದು ಹೋಗಿ ಕಾಫಿ ಮಾಡಿಕೊಳ್ಳುತ್ತೇನೆ.

ಆಲ್ಬಮ್ಮಿನ ಹೆಸರನ್ನೇ ಹೊತ್ತ ಎರಡನೆಯ ಹಾಡು ಸುಮಾರು ಎಂಟು ನಿಮಿಷದ್ದು. ಮೃದಂಗ ಪಾಠವನ್ನು ಅರ್ಧಕ್ಕೆ ಬಿಟ್ಟವನು ನಾನು. ನನಗೆ ಬಾಗಿಲು ತೆರೆದದ್ದು ಇಲ್ಲಿನ ಡ್ರಮ್ಸ್. ಸ್ಟೀವ್ ಗ್ಯಾಡ್ ಬಂದು, ಸ್ಟ್ಯಾಂಡಿನ ಮೇಲೆ ಉದ್ದಕ್ಕೂ ಹರಡಿದ್ದ ಸ್ವರಲಿಪಿಯನ್ನು ನೋಡಿಕೊಂಡು ಒಂದೆರಡು ಟೇಕ್‌ಗಳಲ್ಲೇ ಮುಗಿಸಿದರು. ಒಂದು ಗಿಟಾರ್ ತುಣುಕಿಗೆ ಆರೇಳು ಮಂದಿಯನ್ನು ಸಾಗಹಾಕಿದವರ ಸ್ಟುಡಿಯೋದಲ್ಲಿ! ನಾಲ್ಕೂವರೆ ನಿಮಿಷ ದಾಟಿದ ಮೇಲೆ ವೇಯ್ನ್ ಶಾರ್ಟರ್ ಅವರ ಸ್ಯಾಕ್ಸೋಫೋನ್ ಏಳುತ್ತದೆ. ಜಾಝ್‌ನ ಹೆಸರಾಂತ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಜೊತೆ ನುಡಿಸಿ ಬಂದು, ಆಗ ವೆದರ್ ರಿಪೋರ್ಟ್ ಎಂಬ ಜಾಝ್ ತಂಡದಲ್ಲಿದ್ದ ಶಾರ್ಟರ್. ಅವರು ಅವಸರ ಮಾಡುವುದಿಲ್ಲ, ಉದ್ದುದ್ದ ಎಳೆಗಳನ್ನು ಬಿಡುತ್ತಾರೆ. ಕೆಳಗೆ ಗ್ಯಾಡ್ ತಾಳ ಹಿಡಿದು ಸುಮ್ಮನೆ ಕೂರದೆ, ಕೃತಿಯ ಸಾಲುಗಳ ಸಂದಿಯನ್ನು ಬಲ್ಲ ಮೃದಂಗದವರಂತೆ, ಆ ಎಳೆಗಳ ನಡುವಿನ ಜಾಗಕ್ಕೆ ನುಗ್ಗಿ ಹೊರಬರುತ್ತಾರೆ. ಒಂದು ಕಡೆ ಎಲ್ಲವೂ ಕುಸಿದು ಬಿತ್ತು ಎನ್ನುವಷ್ಟರಲ್ಲಿ ತಾಳದ ಮೊದಲ ಪೆಟ್ಟಾದ ಸಮಕ್ಕೆ ಬಂದು ನಿಂತಿರುತ್ತಾರೆ.

ನಿಮ್ಮಲ್ಲಿ ಕೋರಿಕೆ ಇಷ್ಟೆ: ಈ ಒಂದು ಹಾಡನ್ನು ಹೆಡ್‌ಫೋನ್ ಹಾಕಿಕೊಂಡು ಕೊನೆಯವರೆಗೂ ಕೇಳಿ. ಹಾಡುವುದೆಲ್ಲ ಮುಗಿದ ಮೇಲೆ ಗ್ಯಾಡ್ ಮತ್ತೆ ಬಿಚ್ಚಿಕೊಳ್ಳುತ್ತಾರೆ. ನಮ್ಮ ಕಚೇರಿಯಲ್ಲಿ ಮೃದಂಗದವರಿಗೆಂದೇ ಬಿಟ್ಟುಕೊಡುವ ತನಿಯಾದರೆ, ಒಂದೇ ಜತಿಯನ್ನು ಮೂರು ಸಲ ನುಡಿಸಿ ಮುಗಿಸುವ ತೀರ್ಮಾನ ಹಾಕಿ ಸಭೆಯ ಚಪ್ಪಾಳೆ ಪಡೆಯದೆ ಇಳಿಯುವುದಿಲ್ಲ. ಇಲ್ಲಿ ಆತ ರಭಸದಲ್ಲಿರುವಾಗಲೇ ಸ್ಟುಡಿಯೋದವರು ಧ್ವನಿಯನ್ನು ಇಳಿಸುತ್ತಾ ಹೋಗುತ್ತಾರೆ. ಅವರು ಇಳಿಸಿದಷ್ಟೂ ನಾನು ವಾಲ್ಯೂಮ್ ಏರಿಸುತ್ತೇನೆ, ಮುಂದಿನ ಹಾಡು ಕಿವಿಗೆ ಬಂದು ಅಪ್ಪಳಿಸುವವರೆಗೆ.