ಬೆಳಕು ಬಿದ್ದಾಗ ಇಂಗಾಲದ ಸೂಪರ್‌ಕೆಪಾಸಿಟರ್‌ನ ಧಾರಕತೆ ಏರುವುದೇಕೆ?

ಸೂಪರ್‌ಕೆಪಾಸಿಟರ್ ಎಂದರೆ ಅಯಾನುಗಳನ್ನು ಎಲೆಕ್ಟ್ರೋಡಿನ ಮೇಲ್ಮೈಯಲ್ಲಿ ಸೇರಿಸಿ ಚಾರ್ಜ್ ಕೂಡಿಡುವ ಸಾಧನ. ಅದರ ಸರಂಧ್ರ (ಸಣ್ಣ ರಂಧ್ರಗಳಿಂದ ತುಂಬಿದ) ಇಂಗಾಲದ ಎಲೆಕ್ಟ್ರೋಡಿಗೆ ದೀಪ ಹಿಡಿದರೆ ಧಾರಕತೆ, ಅಂದರೆ ಚಾರ್ಜ್ ಹಿಡಿದಿಡುವ ಸಾಮರ್ಥ್ಯ, ಏರುತ್ತದೆ, ಇದನ್ನು ಬೆಳಕಿಗೆ ಸ್ಪಂದಿಸುವ ವಸ್ತು ಎನ್ನಬಹುದೇ ಎಂದು ಕೇಳಿದ್ದೀರಿ. ಮೊದಲು ಉಷ್ಣಾಂಶ ಅಳೆಯಿರಿ. ಬರೀ ಇಂಗಾಲವಾದರೆ ನನ್ನ ಅನುಮಾನವೆಲ್ಲ ಬಿಸಿಯ ಮೇಲೆಯೇ.

ಕಪ್ಪು ಇಂಗಾಲ ಬಿದ್ದ ಬೆಳಕನ್ನು ಹೆಚ್ಚುಕಡಿಮೆ ಪೂರ್ತಿ ಹೀರುತ್ತದೆ. ಆದರೆ ಅದರಲ್ಲಿ ಅರೆವಾಹಕಗಳಲ್ಲಿರುವಂಥ ಶಕ್ತಿ ಅಂತರವಿಲ್ಲ, ಅಂದರೆ ಎದ್ದ ಎಲೆಕ್ಟ್ರಾನು ತಕ್ಷಣ ಕೆಳಗಿಳಿಯದಂತೆ ತಡೆಯುವ ಶಕ್ತಿಯ ಕಂದರವಿಲ್ಲ. ಬೆಳಕು ಎಬ್ಬಿಸಿದ ಎಲೆಕ್ಟ್ರಾನುಗಳು ಕೆಲವೇ ಪಿಕೋಸೆಕೆಂಡುಗಳಲ್ಲಿ ಆ ಶಕ್ತಿಯನ್ನು ಬಿಸಿಯಾಗಿ ಬಿಟ್ಟುಕೊಡುತ್ತವೆ. ಜಲೀಯ ಎಲೆಕ್ಟ್ರೋಲೈಟಿನ (ಅಯಾನುಗಳಿರುವ ದ್ರಾವಣದ) ವಾಹಕತೆ ಪ್ರತಿ ಡಿಗ್ರಿಗೆ ಸುಮಾರು ಶೇ. 2 ಏರುವುದರಿಂದ, 2 ನ್ಯಾನೋಮೀಟರಿಗಿಂತ ಕಿರಿದಾದ ರಂಧ್ರಗಳಲ್ಲಿ ತಡವರಿಸುತ್ತಿದ್ದ ಅಯಾನುಗಳು ಬೇಗ ಒಳಸೇರುತ್ತವೆ. ಏರಿಕೆ ಹೆಚ್ಚಿನ ಕರೆಂಟಿನಲ್ಲಿ ದೊಡ್ಡದಾಗಿ, ಕಡಿಮೆ ಕರೆಂಟಿನಲ್ಲಿ ಅತ್ಯಲ್ಪವಾಗಿ ಕಂಡರೆ ಬಿಸಿಯ ಗುರುತು ಅದೇ.

ದೀಪವನ್ನು ಚದರ ಸೆಂಟಿಮೀಟರಿಗೆ 100 ಮಿಲಿವ್ಯಾಟ್‌ಗೆ ಹೊಂದಿಸಿ, ತೆಳು ಥರ್ಮೋಕಪಲನ್ನು (ಉಷ್ಣಾಂಶ ಅಳೆಯುವ ತಂತಿಯನ್ನು) ಎಲೆಕ್ಟ್ರೋಡಿನ ಹಿಂಬದಿಗೆ ಅಂಟಿಸಿ. ಮುಂದೆ ಅಂಟಿಸಿದರೆ ತಂತಿಯೇ ಬೆಳಕು ಹೀರಿ ಸುಳ್ಳು ಅಂಕಿ ಕೊಡುತ್ತದೆ. ಉಷ್ಣಾಂಶ ಒಂದು ಕಡೆ ನಿಂತ ಮೇಲೆ ಚಾರ್ಜ್-ಡಿಸ್ಚಾರ್ಜ್ ಮಾಡಿ. ನಂತರ ಕತ್ತಲಲ್ಲಿ, ನೀರಿನ ತೊಟ್ಟಿಯಲ್ಲಿ ಅದೇ ಉಷ್ಣಾಂಶಕ್ಕೆ ಕಾಯಿಸಿ, ಅದೇ ಕರೆಂಟಿನಲ್ಲಿ ಮತ್ತೆ ಮಾಡಿ. ಎರಡೂ ಧಾರಕತೆ ಒಂದೇ ಬಂದರೆ ಬೆಳಕಿನ ಪಾತ್ರ ಹೀಟರಿನದಷ್ಟೇ. ಕೋಶದ ಬಾಯಿ ಸರಿಯಾಗಿ ಮುಚ್ಚಿರಲಿ. ನೀರು ಆವಿಯಾಗಿ ಎಲೆಕ್ಟ್ರೋಲೈಟ್ ಗಾಢವಾದರೆ ಹೋಲಿಕೆ ಕೆಡುತ್ತದೆ.

ಇನ್ನೊಂದು ಪರೀಕ್ಷೆ: ವೋಲ್ಟೇಜ್ ಸ್ಥಿರವಾಗಿ ಹಿಡಿದು, ಸೋರಿಕೆ ಕರೆಂಟ್ ಇಳಿದು ಒಂದು ಮಟ್ಟದಲ್ಲಿ ನಿಂತ ಮೇಲೆ ಬೆಳಕನ್ನು 10 ಸೆಕೆಂಡ್ ಬಿಡಿ, 10 ಸೆಕೆಂಡ್ ತಡೆಯಿರಿ. ಕರೆಂಟ್ ತಟ್ಟನೆ ಜಿಗಿದು ತಟ್ಟನೆ ಇಳಿದರೆ ಬೆಳಕಿನಿಂದ ಹುಟ್ಟಿದ ಚಾರ್ಜ್ ಇದೆ. ನಿಧಾನವಾಗಿ ಏರಿ ನಿಧಾನವಾಗಿ ಇಳಿದರೆ ಬಿಸಿ. ಇಂಗಾಲ ಬಳಿಯದ, ವಾಹಕ ಲೇಪವಷ್ಟೇ ಇರುವ ಗಾಜಿನ ಎಲೆಕ್ಟ್ರೋಡಿಗೂ ಇದನ್ನೇ ಮಾಡಿ; ಅಲ್ಲೂ ಕರೆಂಟ್ ಹಾಗೇ ಜಿಗಿದರೆ ಅದು ಇಂಗಾಲದ್ದೆನ್ನಲಾಗದು. ಇದನ್ನು ಬಿಟ್ಟುಬಿಡುವವರೇ ಹೆಚ್ಚು.

ನಿಜವಾದ ಬೆಳಕಿನ ಸ್ಪಂದನ ಬೇಕಿದ್ದರೆ ಅರೆವಾಹಕ ಸೇರಿಸಬೇಕು. ಟೈಟಾನಿಯಂ ಡೈಆಕ್ಸೈಡ್‌ನ ಅನಟೇಸ್ ಎಂಬ ಸ್ಫಟಿಕ ರೂಪದಲ್ಲಿ ಶಕ್ತಿ ಅಂತರ ದಾಟಲು 3.2 ಎಲೆಕ್ಟ್ರಾನ್‌ವೋಲ್ಟ್ ಬೇಕು, ಅಂದರೆ 387 ನ್ಯಾನೋಮೀಟರಿಗಿಂತ ಕಡಿಮೆ ತರಂಗಾಂತರದ ನೇರಳಾತೀತ ಮಾತ್ರ. ಗ್ರಾಫಿಟಿಕ್ ಕಾರ್ಬನ್ ನೈಟ್ರೈಡ್‌ಗೆ 2.7 ಸಾಕು, ಸುಮಾರು 460 ನ್ಯಾನೋಮೀಟರಿನ ನೀಲಿಯವರೆಗೂ ನಡೆಯುತ್ತದೆ. ಇವನ್ನು ಇಂಗಾಲದ ಪುಡಿಯೊಂದಿಗೆ ಕಲಸಿ 100 ಮೈಕ್ರೋಮೀಟರ್ ದಪ್ಪಕ್ಕೆ ಬಳಿಯಬೇಡಿ: ಬೆಳಕು ಮೇಲಿನ ಕೆಲವು ಮೈಕ್ರೋಮೀಟರಿನಲ್ಲೇ ಮುಗಿದು, ಕೆಳಗಿನ ಅರೆವಾಹಕ ಸುಮ್ಮನೆ ತೂಕವಾಗುತ್ತದೆ. ವಾಹಕ ಲೇಪವಿರುವ ಪಾರದರ್ಶಕ ಗಾಜಿನ ಮೇಲೆ ಮೊದಲು ಅರೆವಾಹಕದ ತೆಳು ಪದರ, ಅದರ ಹಿಂದೆ ಇಂಗಾಲ, ಬೆಳಕು ಗಾಜಿನ ಕಡೆಯಿಂದ.

ಬಿಸಿಯಿಂದ ಬಂದ ಲಾಭವೂ ಲಾಭವೇ, ಚಳಿಯ ಜಾಗಗಳಲ್ಲಂತೂ ಬೇಕಾದದ್ದೇ. ಆದರೆ ಸ್ವಯಂ ಡಿಸ್ಚಾರ್ಜ್ (ಬಳಸದೆ ಇಟ್ಟಾಗಲೂ ಚಾರ್ಜ್ ತಾನಾಗಿ ಸೋರುವುದು) ಕೂಡ ಬಿಸಿಯಲ್ಲಿ ಹೆಚ್ಚುತ್ತದೆ. ಆದ್ದರಿಂದ ಚಾರ್ಜ್ ಮಾಡಿ ತಂತಿ ಬಿಚ್ಚಿಟ್ಟು, ಬೆಳಕಿನಲ್ಲಿ ಮತ್ತು ಕತ್ತಲಲ್ಲಿ ವೋಲ್ಟೇಜ್ ಎಷ್ಟು ಇಳಿಯುತ್ತದೆ ಎಂಬುದನ್ನೂ ಧಾರಕತೆಯ ಪಕ್ಕದಲ್ಲೇ ಬರೆದಿಡಿ.