ರೆಕ್ಕೆ ಬಿಚ್ಚಿದ ಈಜುಕೊಳ

ಪ್ರಶ್ನೆ: ಲಂಡನ್ನಿನಲ್ಲಿರುವ ಮಗಳ ಮನೆಗೆ ಹೋದಾಗ ಸ್ಟ್ರಾಟ್‌ಫರ್ಡ್‌ನ ಒಲಿಂಪಿಕ್ ಪಾರ್ಕಿಗೆ ದಿನಾ ವಾಕಿಂಗ್ ಹೋಗುತ್ತಿದ್ದೆ. ಒಳಗೆ ಹೋಗಲು ಟಿಕೆಟ್ ಇಲ್ಲ, ಏನಿಲ್ಲ. ಆಟ ಮುಗಿದ ಮೇಲೆ ಅಷ್ಟು ದೊಡ್ಡ ಜಾಗ ಬಿಲ್ಡರ್ ಕೈಗೆ ಹೋಗದೆ ಉಳಿದದ್ದು ಹೇಗೆ? ನಮ್ಮ ಮಹಾಲಕ್ಷ್ಮಿ ರೇಸ್‌ಕೋರ್ಸಿನಲ್ಲೂ ಪಾರ್ಕ್ ಮಾಡುತ್ತಾರಂತೆ, ನಂಬಬಹುದಾ?
– ಓದುಗರೊಬ್ಬರು, ವರ್ಳಿ, ಮುಂಬೈ

ಉತ್ತರ: ಪೂರ್ತಿ ಉಳಿದಿಲ್ಲ ಅಮ್ಮಾ. ಆಟಗಾರರು ಇಳಿದುಕೊಂಡಿದ್ದ ಕಟ್ಟಡಗಳೇ ಈಗ ಈಸ್ಟ್ ವಿಲೇಜ್ ಅನ್ನುವ ಫ್ಲ್ಯಾಟುಗಳು. ಆದರೂ ಸುಮಾರು 560 ಎಕರೆ ಪಾರ್ಕ್ ಆಯಿತಲ್ವಾ, ಅದಕ್ಕೆ ಕಾರಣ 2012ರ ಆಟ ಶುರುವಾಗುವ ಮೊದಲೇ ಆಟ ಮುಗಿದ ಮೇಲಿನ ಲೆಕ್ಕ ಹಾಕಿದ್ದರು. ಅಲೆಯಂಥ ಮಾಡಿನ ಈಜುಕೊಳ ನೋಡಿರಬೇಕು ನೀವು. ಜಹಾ ಹದೀದ್ ಅವರ ವಿನ್ಯಾಸ. ಆಗ ಅದರ ಎರಡೂ ಬದಿಗೆ ರೆಕ್ಕೆಯ ಹಾಗೆ ಗ್ಯಾಲರಿ ಕಟ್ಟಿ 17,500 ಸೀಟು ಹಾಕಿದ್ದರು, ಆಟ ಮುಗಿಯಿತು, ರೆಕ್ಕೆ ಬಿಚ್ಚಿದರು, ಈಗ ಉಳಿದದ್ದು 2,500. ಗಣಪತಿ ಪೆಂಡಾಲ್ ಬಿಚ್ಚುವ ಹಾಗೆ. (ನಮ್ಮಲ್ಲಿ ಬಿದಿರು ಹೋದರೂ ರಸ್ತೆಯ ಗುಂಡಿ ಉಳಿಯುತ್ತದೆ, ಬಿಡಿ.)

ಅದು ಮೊದಲು ಹಳೇ ಕಾರ್ಖಾನೆಗಳ ಜಾಗ. ಎಣ್ಣೆ, ಟಾರು ಇಳಿದು ಕೆಟ್ಟಿದ್ದ ಮಣ್ಣನ್ನು ಅಗೆದು, ಯಂತ್ರದಲ್ಲಿ ತೊಳೆದು, ಮತ್ತೆ ಅಲ್ಲೇ ಹಾಕಿದರು. ಮಣ್ಣು ತೊಳೆಯೋದು ಅಂದರೆ ನಗು ಬರುತ್ತದೆ, ಆದರೆ ಅಸಲಿ ಕೆಲಸ ಅದೇ! 52 ದೊಡ್ಡ ವಿದ್ಯುತ್ ಟವರುಗಳನ್ನು ಕಿತ್ತು ತಂತಿಯನ್ನು ನೆಲದಡಿಗೆ ಇಳಿಸಿದರು. ಪಾರ್ಕ್ ಪೂರ್ತಿ ತೆರೆದದ್ದು 2014ರಲ್ಲಿ. ಎಲ್ಲರಿಗೂ ಸುಖವಾಯಿತು ಅಂತಲ್ಲ. ಮೇನರ್ ಗಾರ್ಡನ್ ಅನ್ನುವ ಕಡೆ ಜನ ವರ್ಷಗಟ್ಟಲೆ ತರಕಾರಿ ಬೆಳೆದುಕೊಂಡಿದ್ದರು, ಅವರನ್ನು 2007ರಲ್ಲಿ ಎಬ್ಬಿಸಿದರು. ನಮ್ಮ ರೈಲು ಹಳಿ ಪಕ್ಕ ಪಾಲಕ್ ಬೆಳೆಯುವವರನ್ನು ನೆನೆಸಿಕೊಳ್ಳಿ.

ಅಂದಹಾಗೆ, ಅಲ್ಲಿ ಜಿಲೇಬಿ ಸುತ್ತಿದ ಹಾಗೆ ನಿಂತಿರುವ ಕೆಂಪು ಗೋಪುರ ಮಾಡಿದವರಲ್ಲಿ ಒಬ್ಬರಾದ ಅನೀಶ್ ಕಪೂರ್ ಹುಟ್ಟಿದ್ದು ನಮ್ಮ ಮುಂಬೈಯಲ್ಲೇ.

ಇನ್ನು ಮಹಾಲಕ್ಷ್ಮಿ. ಅಲ್ಲಿ ರೇಸ್ ನಡೆಸುವ ಕ್ಲಬ್ಬಿಗೆ ಜಾಗ ಕೊಟ್ಟಿದ್ದ ಲೀಸ್ ಮುಗಿದದ್ದು 2013ರಲ್ಲಿ. ಪಾರ್ಕಿಗೆ 120 ಎಕರೆ, ಕುದುರೆ ಓಟಕ್ಕೆ 91 ಎಕರೆ ಅಂತ ಒಪ್ಪಂದವಾದದ್ದು 2024ರಲ್ಲಿ. ಲಂಡನ್ನಿನ ಹಾಗೆ ಇಲ್ಲಿ ಆಟ ಮುಗಿದಿಲ್ಲ, ಪಕ್ಕದಲ್ಲೇ ನಡೆಯುತ್ತಿರುತ್ತದೆ. ನಾನು ಅರ್ಧ ನಂಬುತ್ತೇನೆ. ನಕ್ಷೆಯಲ್ಲಿ ಹಸಿರು ಬಣ್ಣ ಜಾಸ್ತಿ ಇದ್ದರೆ ಸುಮ್ನೆ ಖುಷಿಪಡಬೇಡಿ. ಗೇಟು ಎಲ್ಲೆಲ್ಲಿ, ಮಧ್ಯಾಹ್ನ ಬೀಗ ಹಾಕುತ್ತಾರಾ, ಅದನ್ನು ಮೊದಲು ಕೇಳಿ.